ಬಿಲ್ಲೆಯಣುಗಳ ದ್ರವಸ್ಫಟಿಕ: 1977ರ ‘ಮೊದಲು’ ಎಷ್ಟರ ಮಟ್ಟಿಗೆ?

1. ಆಕರ
ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯಂಥ ಅಣುಗಳ ದ್ರವಸ್ಫಟಿಕಗಳ ಬಗ್ಗೆ ಬರೆದ ಲೇಖನ ‘ಪ್ರಮಾಣ’ ಪತ್ರಿಕೆಯ 9ನೇ ಸಂಪುಟದಲ್ಲಿದೆ (1977, ಪುಟ 471–480). ಚಂದ್ರಶೇಖರ್ ಅವರ ‘ಲಿಕ್ವಿಡ್ ಕ್ರಿಸ್ಟಲ್ಸ್’ ಗ್ರಂಥದ ಮೊದಲ ಆವೃತ್ತಿಯೂ ಅದೇ ವರ್ಷದ್ದು. ಹಾಗಾಗಿ ‘ಚಂದ್ರಶೇಖರ್ 1977’ ಎಂದಷ್ಟೇ ಬರೆದರೆ ಯಾವುದೆಂದು ತಿಳಿಯದು. ಈ ವಸ್ತುವಿಗೆ ಮೀಸಲಾದ ಅಧ್ಯಾಯವಿರುವುದು 1992ರ ಎರಡನೇ ಆವೃತ್ತಿಯಲ್ಲಿ.

2. ರಚನೆ
ಲೇಖನದ ಸಂಯುಕ್ತಗಳಲ್ಲಿ ಬೆಂಜೀನ್ ಉಂಗುರದ ಆರು ಸ್ಥಾನಗಳಲ್ಲೂ ಒಂದೇ ಉದ್ದದ ನೇರ ಸರಪಳಿಯ ಎಸ್ಟರ್‌ಗಳಿವೆ: ನಡು ಬಿಗಿ, ಅಂಚು ಸಡಿಲ. ಎಕ್ಸ್-ಕಿರಣ ಮಾಹಿತಿಯಿಂದ ಲೇಖಕರು ಊಹಿಸಿದ ಚಿತ್ರ ಹೀಗಿದೆ: ಬಿಲ್ಲೆಗಳು ಒಂದರ ಮೇಲೊಂದು ಪೇರಿಕೊಂಡು ಕಂಬಗಳಾಗುತ್ತವೆ, ಕಂಬಗಳು ಷಟ್ಕೋನ ಜಾಲದಲ್ಲಿ ನಿಲ್ಲುತ್ತವೆ. ಕಂಬದೊಳಗಿನ ಅಂತರ ಮಾತ್ರ ಅನಿಯತ. ಎಂದರೆ, ಕ್ರಮ ಎರಡು ಆಯಾಮಗಳಲ್ಲಿ. ಮೂರನೆಯದರಲ್ಲಿ ದ್ರವದಂಥ ಅಕ್ರಮ.

3. ಸರಪಳಿಯ ಎಣಿಕೆ
ಇವುಗಳಲ್ಲೊಂದಾದ ಬೆಂಜೀನ್ ಹೆಕ್ಸಾಹೆಪ್ಟನೋಯೇಟ್ ಸುಮಾರು 81 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವಸ್ಫಟಿಕವಾಗಿ, 87ರ ಆಸುಪಾಸಿನಲ್ಲಿ ಸಾಮಾನ್ಯ ದ್ರವವಾಗುತ್ತದೆ. ಇದರ ಸರಪಳಿಯನ್ನು ಕಾರ್ಬೊನೈಲ್ ಕಾರ್ಬನ್ ಸೇರಿಸಿ ಎಣಿಸಿದರೆ 7, ಬಿಟ್ಟರೆ 6. ಕೋಷ್ಟಕಗಳನ್ನು ಹೋಲಿಸುವಾಗ ಒಂದರ ವ್ಯತ್ಯಾಸ ಕಂಡರೆ ಕಾರಣ ಇದೇ ಇರಬಹುದು. ಪರೀಕ್ಷೆ ಸುಲಭ: ಇಡೀ ಅಣುವಿನಲ್ಲಿ ಕಾರ್ಬನ್ 48 ಇದ್ದರೆ ಹೆಪ್ಟನೋಯೇಟ್, 54 ಇದ್ದರೆ ಆಕ್ಟನೋಯೇಟ್.

4. ಪೂರ್ವನಿದರ್ಶನ
ಬ್ರೂಕ್ಸ್ ಮತ್ತು ಟೇಲರ್ 1965ರಲ್ಲೇ, ಇಂಗಾಲೀಕರಣದ ಹಾದಿಯಲ್ಲಿ ಚಪ್ಪಟೆ ಆರೊಮ್ಯಾಟಿಕ್ ಅಣುಗಳು ದ್ರವಸ್ಫಟಿಕದಂಥ ಮಧ್ಯಸ್ಥಿತಿಯನ್ನು ತಾಳುವುದನ್ನು ವರದಿ ಮಾಡಿದ್ದರು. ಆದರೆ ಅದು ಹಲವು ಅಣುಗಳ ಮಿಶ್ರಣ. ಬಿಸಿ ಮುಂದುವರಿದಂತೆ ಗಟ್ಟಿಗೊಳ್ಳುವಂಥದು. 1977ರ ಲೇಖನದ ‘ಮೊದಲು’ ಎಂಬ ಹಕ್ಕು ಶುದ್ಧ, ಏಕಘಟಕ, ಸಾಕಷ್ಟು ಸರಳ ಸಂಯುಕ್ತಗಳಿಗೆ ಸೀಮಿತ. ಅದನ್ನೂ ಲೇಖಕರು ‘ಬಹುಶಃ’ ಎಂದೇ ಮಂಡಿಸಿದ್ದಾರೆ.

5. ಹೆಸರು
1977ರ ಶೀರ್ಷಿಕೆಯಲ್ಲಿರುವುದು ‘ಬಿಲ್ಲೆಯಂಥ ಅಣುಗಳು’ ಎಂಬ ವರ್ಣನೆ, ‘ಡಿಸ್ಕೋಟಿಕ್’ ಅಲ್ಲ. ಆ ಪದದ ಫ್ರೆಂಚ್ ರೂಪ ಬಿಲಾರ್ ಮತ್ತು ಸಹಲೇಖಕರ 1978ರ ಲೇಖನದ ಶೀರ್ಷಿಕೆಯಲ್ಲಿದೆ. ವಸ್ತುವಿನ ವರ್ಷವನ್ನು ಹೆಸರಿಗೆ ಹೊರಿಸಬಾರದು.

6. ಷರಾ
ಮೇಲಿನ ವಿಶೇಷಣಗಳನ್ನು ಉಳಿಸಿಕೊಂಡರೆ 1977ರ ಆದ್ಯತೆಗೆ ಬಾಧಕವಿಲ್ಲವೆಂದು ತೋರುತ್ತದೆ. ‘ಬಿಲ್ಲೆಯಣುಗಳ ಮೊದಲ ದ್ರವಸ್ಫಟಿಕ’ ಎಂಬ ಮೊಟಕು ರೂಪಕ್ಕೆ ಮಾತ್ರ 1965ರ ವರದಿ ಅಡ್ಡಬರುತ್ತದೆ.