ಕಾಲೇಜು ಬರವಣಿಗೆ ಬೋಧನೆಯಲ್ಲಿ ಡಿಜಿಟಲ್ ತಂತ್ರಜ್ಞಾನ

ಕಾಲೇಜು ಬರವಣಿಗೆ ಬೋಧನೆಯಲ್ಲಿ ಡಿಜಿಟಲ್ ತಂತ್ರಜ್ಞಾನ ಎಂದರೆ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಪ್ರಬಂಧ, ವರದಿ, ವಿಮರ್ಶೆ, ಸಂಶೋಧನ ಲೇಖನ ಮೊದಲಾದವುಗಳ ರಚನೆಯನ್ನು ಕಲಿಸಲು ಗಣಕಯಂತ್ರ, ಮೊಬೈಲ್ ಫೋನ್, ಅಂತರಜಾಲ ಹಾಗೂ ಸಂಬಂಧಿತ ತಂತ್ರಾಂಶಗಳನ್ನು ಬಳಸುವ ಕ್ರಮ. ಬರವಣಿಗೆಯ ಯಾವ ಹಂತಕ್ಕೆ ಯಾವ ಉಪಕರಣ ನೆರವಾಗುತ್ತದೆ, ಎಲ್ಲಿ ತೊಡಕಾಗುತ್ತದೆ ಎಂಬುದನ್ನು ನಿರ್ಧರಿಸಿದ ಮೇಲೆ ಬಳಸುವುದು ಇದರ ವಿವೇಚನಾಯುಕ್ತ ರೂಪ. ಕನ್ನಡದ ಸಂದರ್ಭದಲ್ಲಿ ಲಿಪಿಯ ಸಂಕೇತೀಕರಣ, ಕೃತಿಚೌರ್ಯ ಪರೀಕ್ಷೆ ಹಾಗೂ ಕೃತಕ ಬುದ್ಧಿಮತ್ತೆಯ ಬಳಕೆ ಇದರ ಮುಖ್ಯ ಪ್ರಶ್ನೆಗಳಾಗಿವೆ.

ಹಿನ್ನೆಲೆ

ಬರವಣಿಗೆಯನ್ನು ಸಿದ್ಧವಾದ ಫಲವೆಂದು ನೋಡದೆ ಯೋಜನೆ, ಕರಡು ಮತ್ತು ಪರಿಷ್ಕರಣೆಗಳ ಪ್ರಕ್ರಿಯೆಯಾಗಿ ನೋಡುವ ದೃಷ್ಟಿ 1970 ಮತ್ತು 1980ರ ದಶಕಗಳಲ್ಲಿ ಅಮೆರಿಕದಲ್ಲಿ ಬಲಗೊಂಡಿತು. ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ 1981ರಲ್ಲಿ ಮಂಡಿಸಿದ ಮಾದರಿಯು ಈ ಚಿಂತನೆಯ ಪ್ರಮುಖ ಆಧಾರಗಳಲ್ಲಿ ಒಂದು. ಪದ ಸಂಸ್ಕಾರಕಗಳು ಬಂದ ಬಳಿಕ ಇಡೀ ಬರಹವನ್ನು ಮತ್ತೆ ಬರೆಯದೆ ತಿದ್ದುವುದು, ವಾಕ್ಯವೃಂದಗಳ ಸ್ಥಾನ ಬದಲಿಸುವುದು ಸುಲಭವಾಯಿತು. ಆದರೆ ಉಪಕರಣವೊಂದೇ ಪರಿಷ್ಕರಣೆಯನ್ನು ಕಲಿಸುವುದಿಲ್ಲ. ಮಾರ್ಗದರ್ಶನವಿಲ್ಲದಿದ್ದರೆ ವಿದ್ಯಾರ್ಥಿಯು ಕಾಗುಣಿತವನ್ನಷ್ಟೇ ತಿದ್ದಿ, ವಾದದ ಕ್ರಮವನ್ನು ಹಾಗೆಯೇ ಬಿಡುವ ಸಾಧ್ಯತೆಯಿದೆ.

ಕನ್ನಡ ಲಿಪಿ ಮತ್ತು ಗಣಕ

ಕನ್ನಡ ಲಿಪಿಯು 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಸೇರಿತ್ತು. ಆದರೂ ಬಹುಕಾಲ ಬರಹಗಳು ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿಯೇ ಸಿದ್ಧವಾಗುತ್ತಿದ್ದವು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ' ಹಾಗೂ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶಗಳು ಕನ್ನಡ ಟೈಪಿಂಗ್ ಅನ್ನು ವ್ಯಾಪಕಗೊಳಿಸಿದವು. 'ನುಡಿ'ಯ ಕೀಲಿಮಣೆ ವಿನ್ಯಾಸವು ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದೆ.

ಈ ಇತಿಹಾಸದ ಪರಿಣಾಮ ಇಂದಿನ ತರಗತಿಯಲ್ಲೂ ಕಾಣುತ್ತದೆ. ಹಳೆಯ ಅಕ್ಷರಶೈಲಿಯ ಕಡತವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕದ ಪಾಲಿಗೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಅದರಲ್ಲಿ ಕನ್ನಡ ಪದವನ್ನು ಹುಡುಕಲಾಗದು, ಕಾಗುಣಿತ ಪರೀಕ್ಷಿಸಲಾಗದು, ಬೇರೆ ಬರಹದೊಂದಿಗೆ ಹೋಲಿಸಿದರೂ ಸರಿಯಾದ ಫಲ ಸಿಗದು. ಆದ್ದರಿಂದ ಬರವಣಿಗೆಯ ತರಗತಿಯಲ್ಲಿ ಯೂನಿಕೋಡ್ ಟೈಪಿಂಗ್ ಮೊದಲ ಪಾಠವಾಗಬೇಕಾಗುತ್ತದೆ. ಅರ್ಕಾವತ್ತು, 'ರ‍್ಯಾಂಕ್' ಎಂಬಂತಹ ರೂಪಗಳು ಮತ್ತು ಅನ್ಯಭಾಷಾ ಪದಗಳ ಒತ್ತಕ್ಷರ ತಡೆಗೆ ಬೇಕಾದ ಅಗೋಚರ ಸಂಕೇತಗಳೂ ಈ ಪಾಠಕ್ಕೆ ಸೇರುತ್ತವೆ.

ಬೋಧನಾ ವಿಧಾನಗಳು

* ಆವೃತ್ತಿ ಇತಿಹಾಸ: ಗೂಗಲ್ ಡಾಕ್ಸ್‌ನಂತಹ ಹಂಚಿಕೆಯ ಕಡತಗಳಲ್ಲಿ ಕರಡಿನ ಹಿಂದಿನ ರೂಪಗಳು ಉಳಿಯುತ್ತವೆ. ಅಧ್ಯಾಪಕರು ಅಂತಿಮ ಪ್ರತಿಗಷ್ಟೇ ಅಲ್ಲದೆ ತಿದ್ದುಪಡಿಯ ಹಾದಿಗೂ ಅಂಕ ನೀಡಬಹುದು.
* ಸಹಪಾಠಿ ವಿಮರ್ಶೆ: ಅಂಚಿನ ಟಿಪ್ಪಣಿಗಳ ಮೂಲಕ ವಿದ್ಯಾರ್ಥಿಗಳು ಪರಸ್ಪರರ ಕರಡನ್ನು ಓದುತ್ತಾರೆ. ಏನನ್ನು ಗಮನಿಸಬೇಕೆಂಬ ಪ್ರಶ್ನಾವಳಿ ಇಲ್ಲದಿದ್ದರೆ ಟಿಪ್ಪಣಿಗಳು ಬರಿಯ ಹೊಗಳಿಕೆಯಾಗುತ್ತವೆ.
* ಆಕರಗಳ ಬಳಕೆ: 2016ರಲ್ಲಿ ಆರಂಭವಾದ ಭಾರತವಾಣಿ, 2019ರಲ್ಲಿ ಮುಕ್ತವಾದ ವಿ. ಕೃಷ್ಣ ಅವರ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು ಹಾಗೂ ಕನ್ನಡ ವಿಕಿಸೋರ್ಸ್ ಉಚಿತವಾಗಿ ದೊರೆಯುತ್ತವೆ.
* ಧ್ವನಿ ಟೈಪಿಂಗ್: ಕೀಲಿಮಣೆಯ ಅಭ್ಯಾಸವಿಲ್ಲದವರಿಗೂ ದೃಷ್ಟಿದೋಷವುಳ್ಳವರಿಗೂ ಇದು ನೆರವಾಗುತ್ತದೆ. ಆಡುಮಾತಿಗೂ ಗ್ರಂಥಭಾಷೆಗೂ ಇರುವ ಅಂತರವನ್ನು ತೋರಿಸಲು ಇದರ ಫಲಿತವನ್ನೇ ಪಾಠವಾಗಿ ಬಳಸಬಹುದು.

ವಿಕಿಪೀಡಿಯ ಶಿಕ್ಷಣ ಯೋಜನೆ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಕರ್ನಾಟಕದ ಕಾಲೇಜುಗಳಲ್ಲಿ ಬರವಣಿಗೆಯ ಕಲಿಕೆಗೂ ಬಳಕೆಯಾಗಿದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯವು 2013ರಲ್ಲಿ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಸಂಸ್ಥೆಯ ಸಹಯೋಗದಲ್ಲಿ ಭಾರತೀಯ ಭಾಷಾ ತರಗತಿಗಳಿಗೆ ಇಂತಹ ಯೋಜನೆಯನ್ನು ಆರಂಭಿಸಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಮತ್ತು ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿಯೂ ಚಟುವಟಿಕೆಗಳು ನಡೆದಿವೆ.

ಇಲ್ಲಿ ವಿದ್ಯಾರ್ಥಿಯು ಮೊದಲು ಪ್ರಯೋಗಪುಟದಲ್ಲಿ ಬರೆದು, ಆಕರಗಳನ್ನು ಸೇರಿಸಿ, ಬಳಿಕ ಲೇಖನವನ್ನು ಮುಖ್ಯ ಪುಟಕ್ಕೆ ತರುತ್ತಾನೆ. ಓದುಗರು ಅಧ್ಯಾಪಕರೊಬ್ಬರೇ ಅಲ್ಲ. ಯಾರು ಬೇಕಾದರೂ ತಿದ್ದಬಹುದು, ಚರ್ಚೆಪುಟದಲ್ಲಿ ಆಧಾರ ಕೇಳಬಹುದು. ನಕಲಿಸಿದ ಭಾಗವು ಅಳಿಸಲ್ಪಡುತ್ತದೆ. ಅಂಕಕ್ಕಾಗಿ ಅವಸರದಲ್ಲಿ ಸೇರಿಸಿದ ಬರಹಗಳು ಸ್ವಯಂಸೇವಕ ಸಂಪಾದಕರಿಗೆ ಹೊರೆಯಾಗುತ್ತವೆ ಎಂಬುದು ಇಂತಹ ಯೋಜನೆಗಳ ಮಿತಿ. 2010ರ ಆಸುಪಾಸಿನಲ್ಲಿ ಗೂಗಲ್‌ನ ಅನುವಾದ ಸಲಕರಣೆಯ ಮೂಲಕ ಸೇರಿದ ಲೇಖನಗಳ ಕೃತಕ ಕನ್ನಡವೂ ಟೀಕೆಗೆ ಒಳಗಾಗಿತ್ತು.

ಭದ್ರಾವತಿ–ಶಿವಮೊಗ್ಗ ಪ್ರದೇಶ

1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯದ ಮುಖ್ಯ ಆವರಣ 'ಜ್ಞಾನಸಹ್ಯಾದ್ರಿ' ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜುಗಳು ಇದರ ಘಟಕ ಕಾಲೇಜುಗಳಾಗಿದ್ದು, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪದವಿ ಕಾಲೇಜುಗಳು ಇದರ ವ್ಯಾಪ್ತಿಗೆ ಸೇರುತ್ತವೆ. 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಡಿಜಿಟಲ್ ಕೌಶಲದ ಪತ್ರಿಕೆಗಳು ರಾಜ್ಯದ ಪದವಿ ತರಗತಿಗಳಿಗೆ ಬಂದವು. 2024ರಲ್ಲಿ ರಾಜ್ಯ ಸರ್ಕಾರವು ಮೂರು ವರ್ಷದ ಪದವಿಗೆ ಮರಳಿತು.

ಮಲೆನಾಡಿನ ಹಳ್ಳಿಗಳಲ್ಲಿ ಮೊಬೈಲ್ ಸಂಪರ್ಕ ದುರ್ಬಲವಾಗಿರುವೆಡೆ ಸದಾ ಅಂತರಜಾಲ ಬೇಡುವ ಅಭ್ಯಾಸಗಳು ಅಸಮಾನತೆಯನ್ನು ಹೆಚ್ಚಿಸುತ್ತವೆ. ಸಂಪರ್ಕವಿಲ್ಲದೆಯೂ ಟೈಪಿಸಬಹುದಾದ ಕಡತ, ಕಾಲೇಜಿನಲ್ಲೇ ನಡೆಯುವ ವಿಮರ್ಶೆ ಮತ್ತು ಫೋನಿನಲ್ಲಿ ಓದಬಲ್ಲ ಪಠ್ಯ ಇದಕ್ಕೆ ಪರ್ಯಾಯಗಳು. ಸೆಮಿಸ್ಟರ್ ಪರೀಕ್ಷೆ ಕೈಬರಹದಲ್ಲೇ ನಡೆಯುವುದರಿಂದ ಕೈಬರಹದ ಅಭ್ಯಾಸವನ್ನು ಕೈಬಿಡುವಂತಿಲ್ಲ.

ಕೃತಿಚೌರ್ಯ ಮತ್ತು ಕೃತಕ ಬುದ್ಧಿಮತ್ತೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳ ಪ್ರಕಾರ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗೆ ಪರಿಷ್ಕರಿಸಿ ಮತ್ತೆ ಸಲ್ಲಿಸಬೇಕು, ಶೇ. 40ರಿಂದ 60ರವರೆಗೆ ಒಂದು ವರ್ಷ ಮರುಸಲ್ಲಿಕೆಗೆ ಅವಕಾಶವಿಲ್ಲ, ಶೇ. 60ನ್ನು ಮೀರಿದರೆ ನೋಂದಣಿ ರದ್ದಾಗುತ್ತದೆ. ಆಕರ ಸೂಚಿಸಿದ ಉದ್ಧರಣೆಗಳು ಲೆಕ್ಕಕ್ಕೆ ಬರುವುದಿಲ್ಲ. ಯೂನಿಕೋಡ್ ಅಲ್ಲದ ಕನ್ನಡ ಕಡತಗಳಲ್ಲಿ ಮಾತ್ರ ಕಡಿಮೆ ಶೇಕಡಾವಾರು ಬಂದಿತೆಂದ ಮಾತ್ರಕ್ಕೆ ಬರಹ ಸ್ವಂತದ್ದೆಂದು ಹೇಳಲಾಗದು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ಬಳಿಕ ಯಂತ್ರರಚಿತ ಬರಹದ ಪ್ರಶ್ನೆ ತೀವ್ರವಾಯಿತು. ಇಂತಹ ಬರಹವನ್ನು ಗುರುತಿಸಲೆಂದು ಓಪನ್‌ಎಐ ರೂಪಿಸಿದ್ದ ಸಲಕರಣೆಯನ್ನು ನಿಖರತೆಯ ಕೊರತೆಯಿಂದಾಗಿ 2023ರ ಜುಲೈನಲ್ಲಿ ಹಿಂತೆಗೆದುಕೊಳ್ಳಲಾಯಿತು. ಅದೇ ವರ್ಷ ಪ್ರಕಟವಾದ ಸ್ಟ್ಯಾನ್‌ಫರ್ಡ್ ಸಂಶೋಧಕರ ಅಧ್ಯಯನವು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವತಃ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಪತ್ತೆಕಾರಕಗಳು ಯಂತ್ರರಚಿತವೆಂದು ತಪ್ಪಾಗಿ ಗುರುತಿಸಿದ್ದನ್ನು ತೋರಿಸಿತು. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನಲ್ಲಿ ಇಂಗ್ಲಿಷ್‌ನಲ್ಲಿ ಬರೆಯುವ ವಿದ್ಯಾರ್ಥಿಗಳಿಗೂ ಇಂತಹ ತಪ್ಪು ಆರೋಪದ ಅಪಾಯವಿದೆ. ಪತ್ತೆಕಾರಕದ ಅಂಕಿಯನ್ನೇ ನಂಬುವುದಕ್ಕಿಂತ ಕರಡುಗಳನ್ನು ನೋಡುವುದು, ಬರಹದ ಬಗ್ಗೆ ವಿದ್ಯಾರ್ಥಿಯೊಡನೆ ಮಾತನಾಡುವುದು ಹಾಗೂ ಯಾವ ನೆರವು ಸಮ್ಮತವೆಂಬುದನ್ನು ಮೊದಲೇ ತಿಳಿಸುವುದು ಹೆಚ್ಚು ನ್ಯಾಯಯುತ ಕ್ರಮಗಳು.

ಇವನ್ನೂ ನೋಡಿ

* ಕನ್ನಡ ಯೂನಿಕೋಡ್
* ನುಡಿ (ತಂತ್ರಾಂಶ)
* ಕುವೆಂಪು ವಿಶ್ವವಿದ್ಯಾನಿಲಯ
* ಕೃತಿಚೌರ್ಯ