ನಗರದ ಕಸವೂ ಗೃಹಸ್ಥಧರ್ಮವೂ

ನಗರಶುಚಿಯನ್ನು ಕುರಿತ ರಾಜಶಾಸನವು ನಮ್ಮ ದೇಶಕ್ಕೆ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ನಾಗರಿಕನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಲ್ಲಿ, ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗವು ದಂಡವೆಂದೂ, ರಾಜಮಾರ್ಗದಲ್ಲಾದರೆ ಇಮ್ಮಡಿಯೆಂದೂ ವಿಧಿಸಿದೆ. ಆದರೆ ಇಂಥ ದಂಡವು ಬೀದಿಯನ್ನು ಕಾಯಬಲ್ಲುದೇ ಹೊರತು ಮನೆಯಲ್ಲಿ ಹುಟ್ಟುವ ಕಸವನ್ನು ತಗ್ಗಿಸಲಾರದು. ಬೆಂಗಳೂರಿನ ಈಚಿನ ಚರಿತ್ರೆಯು ಇದಕ್ಕೆ ನಿದರ್ಶನವಾಗಿರುವುದು.

ಕೊಳೆಯುವ ಕಸವು ಗೊಬ್ಬರವಾಗಿ ಹೊಲಕ್ಕೆ ಮರಳಬೇಕೆಂಬ ತತ್ತ್ವವನ್ನು ಸರ್ಕಾರವು ಬಹುಕಾಲದ ಹಿಂದೆಯೇ ಅಂಗೀಕರಿಸಿ, 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. 1996ರಲ್ಲಿ ಅಲ್ಮಿತ್ರಾ ಪಟೇಲರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದ ತರುವಾಯ, 2000ದಲ್ಲಿ ಕೇಂದ್ರ ಸರ್ಕಾರವು ನಗರಗಳ ಘನತ್ಯಾಜ್ಯವನ್ನು ಕುರಿತು ನಿಯಮಗಳನ್ನು ಹೊರಡಿಸಿತು. ಕಸವನ್ನು ಬೇರ್ಪಡಿಸುವಂತೆ ಜನರನ್ನು ಪ್ರೋತ್ಸಾಹಿಸಬೇಕೆಂಬ ಮಾತು ಅವುಗಳಲ್ಲಿ ಉಂಟು. ಆದಾಗ್ಯೂ ನಗರದ ಕಸವು ಬೆರಕೆಯಾಗಿಯೇ ಲಾರಿಗಳಲ್ಲಿ ತುಂಬಿ, ಮಾವಳ್ಳಿಪುರ, ಮಂಡೂರು ಮುಂತಾದ ಹಳ್ಳಿಗಳ ಪಾಲಾಯಿತು. ಪಟ್ಟಣಿಗರ ಅಂಗಳವು ಶುಚಿಯಾಯಿತು. ದುರ್ಗಂಧವೂ ನೀರಿನ ಕೇಡೂ ಹಳ್ಳಿಗರಿಗೆ ಉಳಿದುವು.

2012ರಲ್ಲಿ ಮಾವಳ್ಳಿಪುರದ ಕಸದ ನೆಲವು ಮುಚ್ಚಲ್ಪಡಲು, ರಾಜಧಾನಿಯ ಬೀದಿಗಳಲ್ಲೇ ಕಸದ ರಾಶಿಗಳು ಬೆಳೆದುವು. ಅದೇ ವರ್ಷ ಮನೆಗಳಲ್ಲಿ ಕಸ ಬೇರ್ಪಡಿಸುವುದನ್ನು ಅಂದಿನ ಮಹಾನಗರಪಾಲಿಕೆಯು ಕಡ್ಡಾಯಗೊಳಿಸಿತು. ಮಂಡೂರಿನವರು 2014ರಲ್ಲಿ ಪ್ರತಿಭಟಿಸಿ, ಆ ವರ್ಷ ಮುಗಿಯುವುದರೊಳಗೆ ಲಾರಿಗಳ ಬರವನ್ನು ನಿಲ್ಲಿಸಿದರು. 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ವಿಧಿಸಿತು: ಹಸಿ ಕಸಕ್ಕೆ ಹಸುರು ಬುಟ್ಟಿ, ಮರುಬಳಕೆಗೆ ಬಾರದ ಹೊಲಸಿಗೆ ಕೆಂಪು ಬುಟ್ಟಿ, ಕಾಗದ ಪ್ಲಾಸ್ಟಿಕ್ ಮೊದಲಾದ ಒಣ ಕಸಕ್ಕೆ ಚೀಲ. 2016ರ ಕೇಂದ್ರ ನಿಯಮಗಳು ಬೇರ್ಪಡಿಸುವ ಹೊಣೆಯನ್ನು ದೇಶದ ನಗರಗಳ ಪ್ರತಿಯೊಂದು ಮನೆಗೂ ವಹಿಸಿದುವು.

ಶಾಸ್ತ್ರವಿದ್ದರೂ ಅನುಷ್ಠಾನವು ಏಕೆ ತಡವಾಯಿತೆಂದು ವಾಚಕರು ಕೇಳಬಹುದು. ಎಂಜಲು ತಗುಲಿದ ಕಾಗದಕ್ಕೆ ಬೆಲೆಯಿಲ್ಲ. ಗಾಜಿನ ಚೂರು ಬೆರೆತ ಗೊಬ್ಬರವನ್ನು ರೈತನು ಒಲ್ಲನು. ಆದಕಾರಣ ಬೇರ್ಪಡಿಸುವಿಕೆಯು ಅಡುಗೆಯ ಮನೆಯಲ್ಲಿಯೇ ನಡೆಯತಕ್ಕದ್ದು. ಅಲ್ಲಿಗೆ ಯಾವ ಅಧಿಕಾರಿಯ ದೃಷ್ಟಿಯೂ ಮುಟ್ಟದು. ಇನ್ನೊಂದು ಕಡೆ, ಗೃಹಿಣಿಯು ಬೇರ್ಪಡಿಸಿ ಕೊಟ್ಟುದನ್ನು ಗಾಡಿಯವನು ಮತ್ತೆ ಒಂದೇ ರಾಶಿಗೆ ಸುರಿದನಾದರೆ, ಆಕೆಯ ಶ್ರದ್ಧೆಯು ಮರುದಿನವೇ ಕುಂದುವುದು. ಮನೆಯೂ ಪಾಲಿಕೆಯೂ ಒಂದೇ ಗಾಡಿಗೆ ಹೂಡಿದ ಜೋಡೆತ್ತುಗಳು. ಒಂದು ನಿಂತರೆ ಮತ್ತೊಂದು ಎಳೆಯಲಾರದು.

ಇಷ್ಟಾದರೂ, ವಿಂಗಡಿಸಿದ ಮಾತ್ರಕ್ಕೆ ಕಸವು ಕಡಿಮೆಯಾಯಿತೆಂದು ತಿಳಿಯಲಾಗದು. ಸಂತೆಗೆ ಬಟ್ಟೆಯ ಚೀಲವನ್ನು ಒಯ್ಯುವುದು, ಬೇಕಾದಷ್ಟನ್ನೇ ಕೊಳ್ಳುವುದು, ತರಕಾರಿಯ ಸಿಪ್ಪೆಯನ್ನು ಹಿತ್ತಲ ಗುಂಡಿಯಲ್ಲೋ ಮಾಳಿಗೆಯ ಮಡಕೆಯಲ್ಲೋ ಗೊಬ್ಬರವಾಗಿಸುವುದು, ಇವೇ ನಿಜವಾದ ತಗ್ಗಿಸುವಿಕೆಯ ಉಪಾಯಗಳು. ಇವು ನಮ್ಮ ಹಿರಿಯರಿಗೆ ನಿತ್ಯದ ವಾಡಿಕೆಯಾಗಿದ್ದುವು.

ಜಿಲ್ಲೆಯ ನಮ್ಮ ಪಟ್ಟಣಗಳೂ ದಿನೇ ದಿನೇ ಬೆಳೆಯುತ್ತಲಿವೆ. ನಮ್ಮ ಮನೆಯ ಕಸವನ್ನು ಹೊರಲು ಮತ್ತೊಂದು ಮಂಡೂರನ್ನು ಹುಡುಕುವ ಮೊದಲೇ, ನಾವು ಅದರ ಭಾರವನ್ನು ಮನೆಯಲ್ಲಿಯೇ ಇಳಿಸುವುದು ನ್ಯಾಯವು.