ಹೆಜ್ಜಾರ್ಲೆ ಬೇರೆ, ಬಣ್ಣದ ಕೊಕ್ಕರೆ ಬೇರೆ: ಒಂದೇ ಊರಿನ ಎರಡು ಮೀನುಬಾಕ ಹಕ್ಕಿಗಳು

ಮದ್ದೂರು: ಕೊಕ್ಕರೆ ಬೆಳ್ಳೂರಿನ ಹುಣಸೆ ಮರ, ಅರಳಿ ಮರಗಳ ಮೇಲೆ ಕೂತ ದೊಡ್ಡ ಹಕ್ಕಿ ಯಾವುದೇ ಇರಲಿ, ನೋಡೋಕೆ ಬಂದವರ ಬಾಯಲ್ಲಿ ಅದು ಕೊಕ್ಕರೆಯೇ. ಊರ ಹೆಸರೇ ಹಾಗಿರುವಾಗ ಅವರನ್ನು ದೂರೋಕಾಗಲ್ಲ. ಆದರೆ ಅಲ್ಲಿ ಹಿಂಡುಗಟ್ಟಿ ಗೂಡು ಕಟ್ಟುವ ಎರಡು ದೊಡ್ಡ ಹಕ್ಕಿಗಳಲ್ಲಿ ಕೊಕ್ಕರೆ ಒಂದೇ. ಇನ್ನೊಂದು ಹೆಜ್ಜಾರ್ಲೆ, ಅಂದರೆ ಪೆಲಿಕನ್. ಎರಡೂ ಮೀನು ತಿಂದೇ ಬದುಕುತ್ತವೆ. ಹಿಡಿಯುವ ರೀತಿ ಮಾತ್ರ ಪೂರ್ತಿ ಬೇರೆ.

ಗುರುತು ಹಿಡಿಯೋದು ಕಷ್ಟವಲ್ಲ. ಹೆಜ್ಜಾರ್ಲೆ ಮಾಸಲು ಬಿಳಿ ಬಣ್ಣದ, ಗಿಡ್ಡ ಕಾಲಿನ, ಭಾರೀ ಮೈಯ ಹಕ್ಕಿ. ತೂಕ 4ರಿಂದ 6 ಕೆ.ಜಿ. ಒಂದಡಿಯಷ್ಟು ಉದ್ದದ ಕೊಕ್ಕಿನ ಅಂಚಿನಲ್ಲಿ ಸಾಲು ಚುಕ್ಕೆ, ಕೆಳಗೆ ಜೋತುಬಿದ್ದ ಚೀಲ. ಬಣ್ಣದ ಕೊಕ್ಕರೆ ಉದ್ದ ಕಾಲಿನದು, ತೂಕ ಹೆಚ್ಚೆಂದರೆ ಮೂರೂವರೆ ಕೆ.ಜಿ. ಹಳದಿ ಕೊಕ್ಕು ತುದಿಯಲ್ಲಿ ತುಸು ಬಾಗಿರುತ್ತದೆ, ಮುಖ ಕಿತ್ತಳೆ, ಬಾಲದ ಹತ್ತಿರ ಗುಲಾಬಿ ಗರಿ. ಹಾರುವಾಗ ನೋಡಿದರಂತೂ ಅನುಮಾನವೇ ಬೇಡ: ಕೊಕ್ಕರೆ ಕತ್ತು ಚಾಚಿ, ಕಾಲು ಹಿಂದಕ್ಕೆ ನೀಡಿ ಹಾರುತ್ತದೆ. ಹೆಜ್ಜಾರ್ಲೆ ಕತ್ತನ್ನು ಒಳಗೆಳೆದುಕೊಂಡಿರುತ್ತದೆ.

ಹೆಜ್ಜಾರ್ಲೆ ಈಜುವ ಹಕ್ಕಿ. ನಾಲ್ಕೂ ಬೆರಳಿಗೆ ಜಾಲಪೊರೆ ಇದೆ. ತೇಲುತ್ತಾ ಹೋಗಿ, ಕೊಕ್ಕನ್ನು ಬಲೆಯಂತೆ ನೀರಿಗಿಳಿಸಿ, ಮೀನು ನೀರು ಎರಡನ್ನೂ ಚೀಲಕ್ಕೆ ತುಂಬಿಕೊಂಡು, ನೀರು ಸೋರಿಸಿ ಮೀನು ನುಂಗುತ್ತದೆ. ಚೀಲದಲ್ಲಿ ಮೀನು ಕೂಡಿಟ್ಟುಕೊಳ್ಳುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ಮೀನು ಹೋಗೋದು ಹೊಟ್ಟೆಗೇ.

ಬಣ್ಣದ ಕೊಕ್ಕರೆಗೆ ಈಜುವ ಕೆಲಸವಿಲ್ಲ. ಮೊಣಕಾಲು ಮುಳುಗದ ನೀರಲ್ಲಿ ನಡೆಯುತ್ತಾ, ಕೊಕ್ಕನ್ನು ಅರ್ಧ ತೆರೆದು ನೀರೊಳಗೆ ಇಟ್ಟು ಅತ್ತಿತ್ತ ಆಡಿಸುತ್ತದೆ. ಕಾಲಿನಿಂದ ಕೆಸರು ಕದಡುತ್ತದೆ. ಮೀನು ಕೊಕ್ಕಿಗೆ ತಾಗಿದರೆ ಸಾಕು, ಟಕ್ಕನೆ ಮುಚ್ಚುತ್ತದೆ. ಕಣ್ಣಿಗಿಂತ ಸ್ಪರ್ಶವನ್ನೇ ನಂಬಿದ ಬೇಟೆ ಇದು, ಹಾಗಾಗಿ ರಾಡಿ ನೀರಲ್ಲೂ ನಡೆಯುತ್ತದೆ. ಸಿಗೋದು ಬಹುಪಾಲು ಸಣ್ಣ ಮೀನು, ಜೊತೆಗೆ ಕಪ್ಪೆ, ಸಿಗಡಿ.

ಕೆರೆ ಹೂಳೆತ್ತುವವರು ಗಮನಿಸಬೇಕಾದ್ದು ಇಲ್ಲೇ ಇದೆ. ಜೆಸಿಬಿ ಬಿಟ್ಟು ಇಡೀ ಕೆರೆಯನ್ನು ಬಾವಿಯಂತೆ ತೋಡಿ, ಸುತ್ತ ಕಡಿದಾದ ಏರಿ ಕಟ್ಟಿದರೆ ಹೆಜ್ಜಾರ್ಲೆ ಹೇಗೋ ತೇಲಿಕೊಂಡು ಬದುಕೀತು. ಕೊಕ್ಕರೆಗೆ ಕಾಲಿಡೋಕೂ ಜಾಗ ಇರಲ್ಲ. ಹೂಳು ಹಾಗೇ ಬಿಟ್ಟು ಕೆರೆ ಬೇಗ ಬತ್ತಿದರೆ ಮೊದಲು ಹೊಡೆತ ಬೀಳೋದು ಹೆಜ್ಜಾರ್ಲೆಗೆ. ನಡುವೆ ಆಳ, ಒಂದು ಬದಿಯಲ್ಲಾದರೂ ಇಳಿಜಾರು ದಡ ಉಳಿಸಿದರೆ ಎರಡಕ್ಕೂ ಆಯಿತು, ದನ ನೀರಿಗಿಳಿಯೋಕೂ ಆಯಿತು. ಶಿಂಷಾ ನದಿ ಮತ್ತು ಸುತ್ತಲ ಕೆರೆಗಳ ಮೀನೇ ಇಲ್ಲಿನ ಮರಿಗಳ ಹೊಟ್ಟೆ ತುಂಬಿಸೋದು.

ಮರಿಗೆ ಉಣಿಸುವುದೂ ಬೇರೆ ಥರ. ಹೆಜ್ಜಾರ್ಲೆ ಮರಿ ತಾಯಿಯ ಚೀಲದೊಳಗೇ ತಲೆ ತೂರಿಸುತ್ತದೆ. ಕೊಕ್ಕರೆ ಗೂಡಿನಲ್ಲಿ ಮೀನು ಕಕ್ಕುತ್ತದೆ, ಮರಿಗಳು ಹೆಕ್ಕಿಕೊಳ್ಳುತ್ತವೆ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಮೀನು ಹಾಕಿ ಸಾಕಿದ್ದಾರೆ.

2017ರ ಕೊನೆಯಿಂದ ಈ ಊರಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ, ಅವುಗಳ ಹೊಟ್ಟೆಯಲ್ಲಿ ದುಂಡು ಹುಳುಗಳು ಸಿಕ್ಕಿದ್ದವು. ಇಂಥ ಹುಳು ಹಕ್ಕಿಗೆ ಸೇರೋದು ಮೀನಿನ ಮೂಲಕ. ಹಾಗಾಗಿ ಸತ್ತ ಅಥವಾ ನಿತ್ರಾಣಗೊಂಡ ಹಕ್ಕಿ ಕಂಡರೆ ಬರಿಗೈಲಿ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಆಗ ಬರೀ ‘ಕೊಕ್ಕರೆ ಬಿದ್ದಿದೆ’ ಅನ್ನದೆ, ಚೀಲ ಇದೆಯೋ ಇಲ್ಲವೋ ಅಂತ ನೋಡಿ ಹೇಳಿದರೆ ಬರುವವರಿಗೆ ಅನುಕೂಲ.

ಊರು 2007ರಿಂದ ಸಮುದಾಯ ಮೀಸಲು ಪ್ರದೇಶ. ಎರಡೂ ಹಕ್ಕಿಗಳನ್ನು ಒಟ್ಟಿಗೆ ನೋಡಬೇಕೆಂದರೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಮರದ ಕೆಳಗೆ ನಿಲ್ಲುವವರು ತಲೆಗೊಂದು ಟೋಪಿ ಹಾಕ್ಕೊಂಡು ಹೋಗೋದು ವಾಸಿ. ಬೀಳುವ ಹಿಕ್ಕೆ ಗದ್ದೆಗೆ ಒಳ್ಳೆ ಗೊಬ್ಬರ, ಅಂಗಿಗಲ್ಲ.